ಕಲಬುರಗಿಯಲ್ಲಿ ಸಂಗೀತ ಪಾಠ: ಯಾವ ದಾರಿಯಿಂದ ಬಂದ ವಿದ್ಯಾರ್ಥಿ ಉಳಿಯುತ್ತಾನೆ?

ಸಂಗೀತದ ವಿಶಾರದ ಪರೀಕ್ಷೆಯೋ ಸೀನಿಯರ್ ಪರೀಕ್ಷೆಯೋ ಮುಗಿಸಿ, ಮನೆಯಲ್ಲೊಂದು ಹಾರ್ಮೋನಿಯಂ ಇಟ್ಟುಕೊಂಡು ಪಾಠ ಶುರು ಮಾಡಬೇಕು ಅನ್ನುವವರಿಗೆ ಕಲಬುರಗಿಯಲ್ಲಿ ಸಿಗುವ ಮೊದಲ ಸಲಹೆ ಇದು: "ಒಂದ್ ಬೋರ್ಡ್ ಹಾಕ್ರಿ, ಮಂದಿ ತಾವೇ ಬರ್ತಾರ." ಹಾಕಿ, ನಷ್ಟವೇನಿಲ್ಲ. ಆದರೆ ಬೋರ್ಡು ನೋಡಿ ಬಂದವರು, ಶಾಲೆಯ ಮೂಲಕ ಬಂದವರು, ಓಣಿಯವರು ಹೇಳಿ ಬಂದವರು, ಮೊಬೈಲಿನಲ್ಲಿ ಹುಡುಕಿ ಬಂದವರು ಒಂದೇ ಥರದವರಲ್ಲ. ಫೀಸಿನ ಮಾತು ಆಡುವ ರೀತಿ ಬೇರೆ, ಬಿಟ್ಟುಹೋಗುವ ಕಾರಣವೂ ಬೇರೆ.

ಯಾವ ದಾರಿಯಿಂದ ಹೆಚ್ಚು ಮಂದಿ ಬರುತ್ತಾರೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನಾನು ಹಾಕುವ ಲೆಕ್ಕ ಬೇರೆ: ಯಾವ ದಾರಿಯಿಂದ ಬಂದವರು ಎರಡನೇ ವರ್ಷಕ್ಕೂ ಕೂತಿರುತ್ತಾರೆ? ಮೂರು ತಿಂಗಳಿಗೆ ಬಿಟ್ಟ ಹುಡುಗ ಶುರುವಿನ ಸ್ವರಾಭ್ಯಾಸವಾದ ಅಲಂಕಾರದಾಚೆ ಏನೂ ಕಲಿತಿರುವುದಿಲ್ಲ, ನಿಮ್ಮ ಬಗ್ಗೆ ಹೇಳಲು ಅವನ ಮನೆಯವರ ಹತ್ತಿರ ಏನೂ ಇರುವುದಿಲ್ಲ. ಎರಡು ವರ್ಷ ಕೂತ ಹುಡುಗಿ ಅಕ್ಕನ ಸೀಮಂತದಲ್ಲೋ ಗಣಪತಿ ಪೆಂಡಾಲಿನಲ್ಲೋ ಒಂದು ವಚನ ಸರಿಯಾಗಿ ಹಾಡಿದಳೆಂದರೆ, ಅಲ್ಲಿ ಕೂತ ಇಬ್ಬರಾದರೂ "ಯಾರ್ ಹತ್ರ ಕಲೀತಾಳ್ರಿ?" ಅಂತ ಕೇಳುತ್ತಾರೆ. ಮುಂದಿನದನ್ನೆಲ್ಲ ಈ ಲೆಕ್ಕ ಇಟ್ಟುಕೊಂಡೇ ಹೋಲಿಸಿದ್ದೇನೆ.

ಮೊದಲು, ಕಲಿಯುವವರು ಯಾರು

ಈ ಊರಲ್ಲಿ ಮಕ್ಕಳಿಗೆ ಸಂಗೀತ ಕಲಿಸಲು ಸಿಗುವ ಕಾಲ ಬಹಳ ಸಣ್ಣದು. ಒಂಬತ್ತನೇ ತರಗತಿಗೆ ಟ್ಯೂಷನ್ ಶುರು, ಹತ್ತನೆಯದಕ್ಕೆ "ಈ ವರ್ಷ ಬ್ಯಾಡ್ರಿ ಸರ್, ಟೆನ್ತ್ ಅದ", ಪಿಯುಸಿ ವಿಜ್ಞಾನಕ್ಕೆ ಹೋದರೆ ನೀಟ್, ಸಿಇಟಿ. ಅಂದರೆ ಎಂಟನೇ ತರಗತಿಯಲ್ಲಿ ಸೇರಿದ ಮಗು ನಿಮಗೆ ಒಂದು ವರ್ಷ ಸಿಕ್ಕರೆ ಹೆಚ್ಚು. ಮೂರನೇ ತರಗತಿಯಲ್ಲಿ ಸೇರಿದ ಮಗು ಐದಾರು ವರ್ಷ ಸಿಗಬಹುದು. ಗಂಡುಹುಡುಗರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹದಿಮೂರು-ಹದಿನಾಲ್ಕರ ಹೊತ್ತಿಗೆ ದನಿ ಒಡೆಯುತ್ತದೆ, ನಿನ್ನೆಯವರೆಗೆ ಹಾಡುತ್ತಿದ್ದ ಷಡ್ಜ (ಸಾ ಸ್ವರ) ಇವತ್ತು ಸಿಗುವುದಿಲ್ಲ, ಮನೆಯವರು "ಇವನಿಗೆ ಬರಂಗಿಲ್ಲ ಬಿಡ್ರಿ" ಅಂತ ನಿಲ್ಲಿಸುತ್ತಾರೆ. ಇದು ಬರುವ ಮುಂಚೆಯೇ ತಂದೆತಾಯಿಗೆ ಹೇಳಿಟ್ಟಿದ್ದರೆ ಅರ್ಧ ಮಂದಿ ಉಳಿಯುತ್ತಾರೆ. ಆ ತಿಂಗಳುಗಳಲ್ಲಿ ಹಾರ್ಮೋನಿಯಂ ಅಥವಾ ತಾಳ ಕಲಿಸಿ.

ಹೊಸದಾಗಿ ಪಾಠ ಶುರು ಮಾಡುವವರು ಕಣ್ಣೆತ್ತಿಯೂ ನೋಡದ ಗುಂಪು ಒಂದಿದೆ: ಮನೆಯಲ್ಲಿರುವ ಹೆಣ್ಣುಮಕ್ಕಳು, ಮೂವತ್ತೈದರಿಂದ ಐವತ್ತೈದರವರೆಗಿನವರು. ಅವರಿಗೆ ಬೇಕಾದದ್ದು ವಚನ, ದಾಸರ ಪದ, ಭಜನೆ, ತೊಟ್ಟಿಲ ಹಾಡು. ಅವರಿಗೆ ಬಿಡುವು ಇರುವುದು ಬೆಳಗ್ಗೆ ಹನ್ನೊಂದೂವರೆಯಿಂದ, ಇಲ್ಲವೇ ಮಧ್ಯಾಹ್ನ ಊಟವಾದ ಮೇಲೆ. ಶಾಲೆ ಮಕ್ಕಳು ಬರಲಾಗದ ಹೊತ್ತು ಅದೇ. ಸಂಜೆ ಐದರಿಂದ ಎಂಟರವರೆಗಿನ ಮೂರು ತಾಸಿಗೆ ಎಲ್ಲ ಮೇಷ್ಟ್ರುಗಳೂ ಜಗಳಾಡುವಾಗ ಈ ಮಧ್ಯಾಹ್ನ ಖಾಲಿ ಬಿದ್ದಿರುತ್ತದೆ. ಇವರಿಗೆ ಎಂಟು ತಿಂಗಳು ಬರೀ ಸ್ವರ ಹಾಕಿಸಿದರೆ ಬಿಡುತ್ತಾರೆ. ಎರಡನೇ ವಾರಕ್ಕೇ ಒಂದು ವಚನ ಕೊಟ್ಟು, ಅದರೊಳಗಿನಿಂದಲೇ ಸ್ವರಜ್ಞಾನ ತೆಗೆದರೆ ವರ್ಷಗಟ್ಟಲೆ ಬರುತ್ತಾರೆ. ತಮ್ಮ ಮಕ್ಕಳನ್ನೂ, ನಾದಿನಿಯ ಮಕ್ಕಳನ್ನೂ ಕರೆತರುವವರು ಇವರೇ.

ನಿವೃತ್ತರು ಬೆಳಗ್ಗೆ ಆರೂವರೆಗೆ ಬರುತ್ತಾರೆ, ಫೀಸು ತಪ್ಪಿಸುವುದಿಲ್ಲ, ಆದರೆ ಇನ್ನೊಬ್ಬರನ್ನು ಕರೆತರುವುದು ಕಡಿಮೆ. ಗಿಟಾರು, ಕೀಬೋರ್ಡು ಕೇಳುವ ಹುಡುಗರಿಗೆ ಒಂದು ಸಿನಿಮಾ ಹಾಡು ಬೇಗ ಬರಬೇಕು. ಅದನ್ನು ಯೂಟ್ಯೂಬೂ ಕಲಿಸುತ್ತದೆ.

ಇನ್ನೊಂದು ಮಾತು ಈ ಊರಿಗೇ ಸೇರಿದ್ದು. ಇಲ್ಲಿ ಉರ್ದು ಗಜಲಿನ ರುಚಿ ಇರುವವರಿದ್ದಾರೆ, ಆಳಂದದ ಕಡೆಯವರಿಗೆ ಮರಾಠಿ ಅಭಂಗ ಬೇಕು, ಸೇಡಂ-ಚಿಂಚೋಳಿ ಕಡೆಯಿಂದ ಬಂದವರ ಮನೆಯಲ್ಲಿ ತೆಲುಗು ನಡೆಯುತ್ತದೆ. ಉಚ್ಚಾರ ಕೆಡಿಸದೆ ಒಂದು ಗಜಲ್, ಒಂದು ಅಭಂಗ ಹೇಳಿಕೊಡಬಲ್ಲ ಶಿಕ್ಷಕರಿಗೆ ಬರೀ ಶಾಸ್ತ್ರೀಯ ಕಲಿಸುವವರಿಗಿಂತ ದೊಡ್ಡ ಬಾಗಿಲು ತೆರೆದಿರುತ್ತದೆ. ಕಲಿಸುವುದು ಯಮನ್ ರಾಗವೇ ಇರಲಿ, ಕರೆಯುವುದು ಅವರಿಗೆ ಗೊತ್ತಿರುವ ಹಾಡಿನಿಂದ ಇರಲಿ.

ನಿಮ್ಮ ಮನೆಯೋ, ಅವರ ಮನೆಯೋ, ಬಾಡಿಗೆ ಕೋಣೆಯೋ

ಮನೆಗೇ ಹೋಗಿ ಕಲಿಸುವುದು ಶುರುವಿಗೆ ಸುಲಭ. ಜಾಗ ಬೇಡ, ಒಂದೇ ಫೋನಿಗೆ ಒಬ್ಬ ವಿದ್ಯಾರ್ಥಿ ಸಿಗುತ್ತಾನೆ, ಫೀಸೂ ಹೆಚ್ಚು ಅನ್ನಿಸುತ್ತದೆ. ಕಾಗದದ ಮೇಲೆ ಬರೆದು ನೋಡಿ. ಮಾದರಿಗೆ ತಿಂಗಳಿಗೆ ₹1,500, ವಾರಕ್ಕೆ ಎರಡರಂತೆ ಎಂಟು ಪಾಠ ಅಂದುಕೊಳ್ಳೋಣ. ಪಾಠ 45 ನಿಮಿಷ, ಹೋಗಿಬರಲು 30 ನಿಮಿಷ. ಒಟ್ಟು ಹತ್ತು ತಾಸು, ತಾಸಿಗೆ ₹150, ಅದರಲ್ಲಿ ಪೆಟ್ರೋಲು ಕಳೆಯಬೇಕು. ನಿಮ್ಮ ಮನೆಯಲ್ಲಿ ತಲಾ ₹600 ಕೊಡುವ ನಾಲ್ವರ ಗುಂಪಿಗೆ ಒಂದೊಂದು ತಾಸಿನ ಎಂಟು ಪಾಠ ಮಾಡಿದರೆ ತಾಸಿಗೆ ₹300 ಬರುತ್ತದೆ. ಕೋಟನೂರಿನಿಂದ ಶಹಾಬಜಾರಿಗೆ ಸಂಜೆ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸಿದವರಿಗೆ ಆ 30 ನಿಮಿಷವೂ ಕಡಿಮೆ ಹಿಡಿದ ಲೆಕ್ಕ ಅಂತ ಗೊತ್ತು.

ಹಾಗಂತ ಮನೆಪಾಠ ಬೇಡವೇ ಬೇಡ ಅನ್ನುವುದಿಲ್ಲ. ಒಂದು ಶರತ್ತು ಇಟ್ಟುಕೊಳ್ಳಿ: ಆ ಮನೆಯವರು ಓಣಿಯ ಇನ್ನೆರಡು ಮಕ್ಕಳನ್ನು ಅಲ್ಲೇ ಕೂಡಿಸಲು ಒಪ್ಪಬೇಕು. ಖೂಬಾ ಪ್ಲಾಟ್‌ನಲ್ಲೋ ಗುಬ್ಬಿ ಕಾಲೊನಿಯಲ್ಲೋ ಒಂದು ಮನೆಯ ಹಾಲ್‌ನಲ್ಲಿ ಮೂವರು ಕೂತರೆ, ನಿಮಗೆ ಬಾಡಿಗೆಯಿಲ್ಲದ ತರಗತಿ ಆಯಿತು, ಅವರಿಗೆ ಫೀಸಿನಲ್ಲಿ ಸ್ವಲ್ಪ ಕಡಿತ ಆಯಿತು. ಒಪ್ಪದಿದ್ದರೆ ದೂರದ ಮನೆಗೆ ಹೋಗಬೇಡಿ.

ಹೆಣ್ಣುಮಕ್ಕಳ ತಂದೆತಾಯಿ ಫೀಸಿಗಿಂತ ಮೊದಲು ಕೇಳುವ ಪ್ರಶ್ನೆ: "ಮನ್ಯಾಗ ಹೆಣ್ಮಕ್ಕಳು ಇರ್ತಾರ್ರಿ?" ಪುರುಷ ಶಿಕ್ಷಕರು ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ಪಾಠದ ಕೋಣೆ ಮುಂಬಾಗಿಲಿಗೆ ಹತ್ತಿರ ಇರಲಿ, ಬಾಗಿಲು ತೆರೆದೇ ಇರಲಿ, ತಾಯಿ ಕೂತು ಕೇಳಲು ಒಂದು ಕುರ್ಚಿ ಇರಲಿ. ಬೇರೆಯವರ ಮನೆಗೆ ಹೋಗುವಾಗಲೂ ಹಿರಿಯರು ಒಬ್ಬರು ಮನೆಯಲ್ಲಿದ್ದಾಗಲೇ ಪಾಠ ಅಂತ ಮೊದಲ ದಿನವೇ ಹೇಳಿಬಿಡಿ. ಮಹಿಳಾ ಶಿಕ್ಷಕಿಯರಿಗೆ ಈ ಊರಲ್ಲಿ ತಮ್ಮ ಮನೆಯೇ ದೊಡ್ಡ ಬಂಡವಾಳ. ಮಧ್ಯಾಹ್ನದ ಗೃಹಿಣಿಯರ ಗುಂಪು ಅವರಿಗೆ ಸಿಕ್ಕಷ್ಟು ಸುಲಭವಾಗಿ ಗಂಡಸರಿಗೆ ಸಿಗುವುದಿಲ್ಲ.

ಗುಂಪು ಮಾಡುವಾಗ ವಯಸ್ಸಿಗಿಂತ ಶ್ರುತಿ ನೋಡಿ. ಹತ್ತು ವರ್ಷದ ಹುಡುಗಿಗೆ ಕಾಳಿ (ಹಾರ್ಮೋನಿಯಂನ ಕಪ್ಪು ಮನೆ) ನಾಲ್ಕೋ ಐದೋ ಹಿತವಾದರೆ, ನಲವತ್ತರ ಗಂಡಸಿಗೆ ಕಾಳಿ ಒಂದು. ಇಬ್ಬರನ್ನೂ ಒಂದೇ ತಾಸಿನಲ್ಲಿ ಕೂಡಿಸಿದರೆ ಒಬ್ಬರು ಚೀರಬೇಕು, ಇಲ್ಲ ಒಬ್ಬರು ಗೊಣಗಬೇಕು. ಮಕ್ಕಳು ಮತ್ತು ಹೆಣ್ಣುಮಕ್ಕಳು ಒಂದೇ ಶ್ರುತಿಯಲ್ಲಿ ನಡೆಯಬಹುದು. ತಾಯಿ-ಮಗಳು ಜೋಡಿಯಾಗಿ ಕಲಿಯುವ ತರಗತಿ ಚೆನ್ನಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ಬಾಡಿಗೆ ಕೋಣೆ ಕೊನೆಗಿರಲಿ. ಏಪ್ರಿಲ್-ಮೇ ರಜೆಗೆ ಮಕ್ಕಳು ಅಜ್ಜಿಮನೆಗೆ ಹೋಗುತ್ತಾರೆ, ದಸರೆಗೆ ಮತ್ತೆ ಹೋಗುತ್ತಾರೆ. ಬಾಡಿಗೆ ಎಲ್ಲಿಗೂ ಹೋಗುವುದಿಲ್ಲ. ಅಗ್ಗಕ್ಕೆ ಸಿಗುವುದು ಮಾಳಿಗೆ ಮೇಲಿನ ತಗಡಿನ ಕೋಣೆ, ಮೇ ತಿಂಗಳ ಬಿಸಿಲಿಗೆ ಅಲ್ಲಿ ಮನುಷ್ಯರು ಕೂರುವುದಿರಲಿ, ತಬಲಾದ ಚರ್ಮ ಕೂಡ ಬಿಗಿದು ಸ್ವರ ಮೇಲೇರಿ ಕೂತಿರುತ್ತದೆ. ಮೂವತ್ತು ಜನ ಖಾಯಂ ಆಗುವವರೆಗೆ ಅದರ ಮಾತು ಬೇಡ.

ಶಾಲೆಯ ದಾರಿ, ಗುಡಿಯ ದಾರಿ

ಖಾಸಗಿ ಶಾಲೆಯಲ್ಲಿ ವಾರಕ್ಕೆ ಎರಡು-ಮೂರು ದಿನ ಸಂಗೀತದ ಪಿರಿಯಡ್ ಸಿಕ್ಕರೆ ಹೊಸಬರು ಹಿಗ್ಗುತ್ತಾರೆ. ನೂರಾರು ಮಕ್ಕಳು ಒಂದೇ ಸಲ ಕಣ್ಣಿಗೆ ಬೀಳುತ್ತಾರೆ, ಯಾರ ಕಿವಿ ಚೆನ್ನಾಗಿದೆ ಅಂತ ತಿಂಗಳೊಳಗೆ ಗೊತ್ತಾಗುತ್ತದೆ. ಆದರೆ ಆ ಮಕ್ಕಳು ಶಾಲೆಯವರು, ನಿಮ್ಮವರಲ್ಲ. ಪ್ರಾರ್ಥನೆ, ನಾಡಗೀತೆ, ಆಗಸ್ಟ್ ಹದಿನೈದು, ಕೊನೆಗೆ ಗ್ಯಾದರಿಂಗ್ (ವಾರ್ಷಿಕೋತ್ಸವ) ಹಾಡುಗಳಲ್ಲೇ ವರ್ಷ ಮುಗಿಯುತ್ತದೆ. ಶಾಲೆಯ ಮಕ್ಕಳನ್ನು ಮನೆಗೆ ಕರೆದು ಪಾಠ ಹೇಳಬಾರದು ಅನ್ನುವ ಆಡಳಿತ ಮಂಡಳಿಗಳೂ ಇವೆ. ಸೇರುವ ದಿನವೇ ಇದನ್ನು ಕೇಳಿ ಬರೆಸಿಕೊಳ್ಳಿ. ಶಾಲೆ ಬಿಟ್ಟ ದಿನ ಆ ದಾರಿಯಿಂದ ಬಂದವರಲ್ಲಿ ಬಹುಪಾಲು ಜನ ಹೊರಟುಹೋಗುತ್ತಾರೆ, ಏಕೆಂದರೆ ಅವರ ನಂಬಿಕೆ ಇದ್ದದ್ದು ಶಾಲೆಯ ಮೇಲೆ. ಊರಿಗೆ ಹೊಸಬರಾದವರಿಗೆ ಒಂದೆರಡು ವರ್ಷಕ್ಕೆ ಇದು ಒಳ್ಳೆಯದು. ಅದರಾಚೆ ಹೋದರೆ ಸಂಜೆಯ ಗಂಟಲು ಉಳಿಯುವುದಿಲ್ಲ.

ಪ್ರತಿಭಾ ಕಾರಂಜಿಗೆ ತಯಾರಿ ಮಾಡಿಸಿಕೊಡಿ ಅಂತ ಬರುವವರನ್ನು ಇದೇ ಸಾಲಿಗೆ ಸೇರಿಸಬೇಕು. ಭಕ್ತಿಗೀತೆ, ಭಾವಗೀತೆ, ಗಜಲ್, ಕವ್ವಾಲಿ ಎಲ್ಲ ಅಲ್ಲಿ ಸ್ಪರ್ಧೆಗಿರುತ್ತವೆ. ಕ್ಲಸ್ಟರ್ ಹಂತಕ್ಕೆ ಒಂದು ವಾರ ಇರುವಾಗ ಫೋನು ಬರುತ್ತದೆ, ತಾಲೂಕು ಹಂತದಲ್ಲಿ ಸೋತ ಮರುದಿನ ಫೋನು ನಿಲ್ಲುತ್ತದೆ. ಅವರನ್ನು ತಿಂಗಳ ವಿದ್ಯಾರ್ಥಿ ಅಂತ ಲೆಕ್ಕ ಹಿಡಿಯಬೇಡಿ. ಒಂದು ಹಾಡಿಗೆ ಇಷ್ಟು ಅಂತ ಒಟ್ಟಿಗೆ ಫೀಸು ಹೇಳಿ, ಚೆನ್ನಾಗಿ ಕಲಿಸಿ ಕಳಿಸಿ. ಗೆದ್ದು ಜಿಲ್ಲೆಗೆ ಹೋದ ಮಗು ಒಂದು ಸಿಕ್ಕರೆ ಸಾಕು, ಆ ಶಾಲೆಯಲ್ಲಿ ನಿಮ್ಮ ಹೆಸರು ಓಡಾಡುತ್ತದೆ.

ಗುಡಿ-ಮಠದ ದಾರಿ ನಿಧಾನ, ಆದರೆ ಗಟ್ಟಿ. ಉತ್ತರ ಕರ್ನಾಟಕದಲ್ಲಿ ಸಂಗೀತದವರನ್ನು "ಗವಾಯಿಗಳು" ಅಂತ ಕರೆಯುವಾಗ ಇರುವ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೂ ಬಾಳಿದ ಪುಟ್ಟರಾಜ ಗವಾಯಿಗಳು ಕಲಿಸಿ ಕಳಿಸಿದ ಶಿಷ್ಯರು ಊರೂರಿನ ಮಠಗಳಲ್ಲಿ ಹಾಡಿ, ಅಲ್ಲೇ ಪಾಠ ಹೇಳಿ ಗಳಿಸಿಕೊಟ್ಟ ಮರ್ಯಾದೆ ಅದು. ಇವತ್ತಿಗೂ ಶ್ರಾವಣದಲ್ಲಿ ಪುರಾಣ ಶುರುವಾದರೆ, ಶಾಸ್ತ್ರಿಗಳು ಕಥೆ ನಿಲ್ಲಿಸಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂತವರು ಪದ್ಯ ಎತ್ತಬೇಕು, ತಬಲಾ ಹಿಂದೆಯೇ ಬರಬೇಕು. ಒಂದು ತಿಂಗಳು ದಿನಾ ಸಂಜೆ ಅಲ್ಲಿ ಕೂತವರ ಕಂಠವನ್ನು ಇಡೀ ಬಡಾವಣೆ ಕೇಳಿರುತ್ತದೆ. ಯಾವ ಜಾಹೀರಾತನ್ನೂ ಮಂದಿ ಇಷ್ಟು ಹೊತ್ತು ಕೇಳಿಸಿಕೊಳ್ಳುವುದಿಲ್ಲ.

ತೊಂದರೆ ಒಂದೇ: ಗುಡಿಯಲ್ಲಿ ಪರಿಚಯವಾದವರು ಪಾಠವನ್ನೂ ಸೇವೆ ಅಂದುಕೊಳ್ಳುತ್ತಾರೆ. "ಗುರುಗಳೇ, ನಮ್ಮ ಹುಡುಗಿಗಿ ನಾಲ್ಕ್ ಪದ ಹೇಳಿಕೊಡ್ರಿ" ಅನ್ನುವಾಗ ಅದರಲ್ಲಿ ಫೀಸಿನ ವಾಸನೆಯೇ ಇರುವುದಿಲ್ಲ. ಇದಕ್ಕೆ ಒಂದು ಗೆರೆ ಹಾಕಿಕೊಳ್ಳಬೇಕು. ಗುಡಿಯೊಳಗೆ, ಭಜನಾ ಮಂಡಳಿಯ ಎಲ್ಲರಿಗೂ ಸೇರಿ ಸೋಮವಾರಕ್ಕೊಂದು ಹೊಸ ಪದ ಕಲಿಸುವುದು ಸೇವೆ. ನಿಮ್ಮ ಮನೆಯಲ್ಲಿ, ಒಬ್ಬೊಬ್ಬರಿಗೆ ಕಲಿಸುವುದು ವೃತ್ತಿ. "ಮನಿಗಿ ಬರ್ರಿ, ವಾರಕ್ಕ ಎರಡ್ ದಿನ, ತಿಂಗಳಿಗೆ ಇಷ್ಟು" ಅಂತ ಅದೇ ಉಸಿರಿನಲ್ಲಿ ಹೇಳಿಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಆರು ತಿಂಗಳ ಮೇಲೆ ಹೇಳಿದರೆ ತಿಳಿಯುತ್ತಾರೆ.

ಒಂದೇ ಗುಡಿಗೆ ಅಂಟಿಕೊಳ್ಳಬೇಡಿ ಅನ್ನುವುದೂ ನನ್ನ ಸಲಹೆ. ಒಂದು ಕಡೆ ವಚನ, ಇನ್ನೊಂದು ಕಡೆ ದಾಸರ ಪದ, ಮತ್ತೊಂದು ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರನ್ನು ಊರು "ನಮ್ಮವರು" ಅನ್ನುತ್ತದೆ. ಒಂದೇ ಕಡೆ ಹಾಡುವವರನ್ನು "ಅವರವರು" ಅನ್ನುತ್ತದೆ.

ವಾದ್ಯದ ಅಂಗಡಿ

ಇದು ಸಣ್ಣ ದಾರಿ, ಆದರೆ ಬಹಳ ಮಂದಿ ಮರೆಯುವ ದಾರಿ. ಹಾರ್ಮೋನಿಯಂ ಅಥವಾ ಕೀಬೋರ್ಡು ಕೊಳ್ಳಲು ಬಂದವರು ದುಡ್ಡು ಎಣಿಸುವಾಗ ಕೇಳುವ ಮಾತು "ಕಲಿಸೋರು ಯಾರರೆ ಅದಾರೇನ್ರಿ?" ಈಗಾಗಲೇ ಕೈಯಿಂದ ದುಡ್ಡು ಬಿಚ್ಚಿದವರು ಅವರು, ಸುಮ್ಮನೆ ವಿಚಾರಿಸುವವರಿಗಿಂತ ಹೆಚ್ಚು ಉಳಿಯುತ್ತಾರೆ. ಅಂಗಡಿಯವರಿಗೆ ಕಮಿಷನ್ ಕೊಡುವ ಪದ್ಧತಿ ಶುರು ಮಾಡಬೇಡಿ, ನಾಳೆ ಹೆಚ್ಚು ಕೊಡುವವರು ಬಂದರೆ ಹೆಸರು ಬದಲಾಗುತ್ತದೆ. ನಿಮ್ಮ ವಿದ್ಯಾರ್ಥಿಗಳ ಹಾರ್ಮೋನಿಯಂ ರೀಡು ರಿಪೇರಿ, ತಬಲಾದ ಪುಡಿ (ಮೇಲಿನ ಚರ್ಮ) ಬದಲಿಸುವುದು ಎಲ್ಲ ಅಲ್ಲಿಗೇ ಕಳಿಸಿ. ಅದು ಹೆಚ್ಚು ದಿನ ನಡೆಯುವ ಋಣ.

ಮೊಬೈಲಿನೊಳಗಿನ ದಾರಿಗಳು

ಎಲ್ಲವನ್ನೂ "ಆನ್‌ಲೈನ್ ಪ್ರಚಾರ" ಅಂತ ಒಂದೇ ಚೀಲಕ್ಕೆ ತುಂಬುವುದು ತಪ್ಪು. ಗೂಗಲ್ ಮ್ಯಾಪಿನಲ್ಲಿ ನಿಮ್ಮ ತರಗತಿಯ ಹೆಸರು ಹಾಕುವುದಕ್ಕೆ ದುಡ್ಡಿಲ್ಲ. ಜಾಗ ನಿಮ್ಮದೇ ಅಂತ ಸಾಬೀತು ಮಾಡಲು ಸಾಮಾನ್ಯವಾಗಿ ಒಂದು ವಿಡಿಯೋ ಕೇಳುತ್ತಾರೆ. ಮನೆ ವಿಳಾಸ ತೋರಿಸಲು ಇಷ್ಟವಿಲ್ಲದವರು ಅದನ್ನು ಮರೆಮಾಡಿ ಬಡಾವಣೆಯನ್ನಷ್ಟೇ ತೋರಿಸಬಹುದು. ಅಲ್ಲಿ ಹುಡುಕುವವರು ಯಾರು ಅನ್ನುವುದು ಮುಖ್ಯ. ಊರಿನವರು ಪಕ್ಕದ ಮನೆಯವರನ್ನು ಕೇಳುತ್ತಾರೆ. ಮ್ಯಾಪಿನಲ್ಲಿ ಹುಡುಕುವವರು ವರ್ಗವಾಗಿ ಬಂದವರು: ಬ್ಯಾಂಕಿನವರು, ರೈಲ್ವೆಯವರು, ವಿಶ್ವವಿದ್ಯಾಲಯದವರು, ಮೆಡಿಕಲ್ ಕಾಲೇಜಿನವರು. ಮಗು ಹಿಂದಿನ ಊರಲ್ಲಿ ಎಲ್ಲೋ ಅರ್ಧ ಕಲಿತಿರುತ್ತದೆ, ಫೀಸಿನ ಬಗ್ಗೆ ಚೌಕಾಸಿ ಇರುವುದಿಲ್ಲ, ಮುಂದಿನ ವರ್ಗಾವಣೆವರೆಗೆ ಗಟ್ಟಿಯಾಗಿ ಬರುತ್ತಾರೆ. ಅವರಿಗೋಸ್ಕರ ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಬರೆಯಿರಿ. ಏನು ಕಲಿಸುತ್ತೀರಿ, ಯಾವ ವಯಸ್ಸಿಗೆ, ಯಾವ ಹೊತ್ತಿಗೆ ಅಂತ. ಫೋಟೋದಲ್ಲಿ ಇಂಟರ್ನೆಟ್ಟಿನ ವೀಣೆ ಬೇಡ, ನಿಮ್ಮ ಕೋಣೆಯ ಜಮಖಾನವೇ ಇರಲಿ.

ವಾಟ್ಸಾಪ್ ಹಾಗಲ್ಲ, ಅದು ಊರಿನವರ ದಾರಿ. ಬ್ರಾಡ್‌ಕಾಸ್ಟ್ ಮೆಸೇಜು ನಿಮ್ಮ ನಂಬರು ಉಳಿಸಿಕೊಂಡವರಿಗಷ್ಟೇ ಹೋಗುತ್ತದೆ, ಆದ್ದರಿಂದ ಪೋಷಕರ ಹತ್ತಿರ ಮೊದಲ ದಿನವೇ ನಂಬರ್ ಸೇವ್ ಮಾಡಿಸಿ. "ಅಡ್ಮಿಷನ್ ಓಪನ್" ಅನ್ನುವ ಬಣ್ಣದ ಪೋಸ್ಟರನ್ನು ಯಾರೂ ಓದುವುದಿಲ್ಲ. ಅರ್ಧ ನಿಮಿಷ ನೀವೇ ಹಾಡಿದ ಸ್ಟೇಟಸ್ ಹಾಕಿದರೆ ಕಿವಿಗೊಟ್ಟು ಕೇಳುತ್ತಾರೆ. ಮಕ್ಕಳ ವಿಡಿಯೋ ಹಾಕುವ ಮುಂಚೆ ತಂದೆತಾಯಿಯ ಒಪ್ಪಿಗೆ ಬೇಕು. ಬಹಳ ಮಂದಿಗೆ, ಅದರಲ್ಲೂ ದೊಡ್ಡ ಹೆಣ್ಣುಮಕ್ಕಳ ಮನೆಯವರಿಗೆ, ಇದು ಇಷ್ಟವಾಗುವುದಿಲ್ಲ.

ಇನ್‌ಸ್ಟಾಗ್ರಾಂ ರೀಲು ದಾವಣಗೆರೆಗೂ ಹೋಗುತ್ತದೆ, ದುಬೈಗೂ ಹೋಗುತ್ತದೆ, ನಮ್ಮೂರಿನ ಜೇವರ್ಗಿ ರಸ್ತೆಗೆ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಆನ್‌ಲೈನ್ ಪಾಠ ಹೇಳುವವರಿಗೆ ಮಾತ್ರ ಅದರ ಮೇಲಿನ ಶ್ರಮ ಸಾರ್ಥಕ. ಶಿಕ್ಷಕರ ಪಟ್ಟಿ ಇಟ್ಟುಕೊಂಡು ವಿಚಾರಣೆಯ ನಂಬರನ್ನು ದುಡ್ಡಿಗೆ ಕೊಡುವ ತಾಣಗಳಿವೆ. ಒಂದೇ ನಂಬರು ಹಲವರಿಗೆ ಹೋಗುತ್ತದೆ, ಪೋಷಕರ ಫೋನು ಸಾಲಾಗಿ ಬಡಿಯುತ್ತದೆ, ಮೊದಲ ಮಾತೇ "ಅವರು ಇಷ್ಟಕ್ಕ ಹೇಳ್ಯಾರ, ನೀವು?" ಸಂಗೀತಕ್ಕೆ ಈ ಹರಾಜು ಬೇಡ. ಪೇಪರಿನೊಳಗೆ ಇಡಿಸುವ ಕರಪತ್ರ ಮೇ ಕೊನೆಯ ವಾರದಲ್ಲಿ ಒಮ್ಮೆ ಮಾಡಿ ನೋಡಬಹುದು, ನಡೆದು ಬರುವಷ್ಟು ದೂರದ ಮನೆಗಳಿಗೆ ಮಾತ್ರ.

ಪರೀಕ್ಷೆ ಕಟ್ಟಿಸುವುದೋ ಬೇಡವೋ

ಇಲ್ಲಿ ಹಿಂದೂಸ್ತಾನಿ ಕಲಿಸುವವರ ಮುಂದೆ ಎರಡು ಮುಖ್ಯ ಏಣಿಗಳಿವೆ. ಒಂದು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ್ದು: ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ, ವಿಶಾರದ, ಅಲಂಕಾರ ಅಂತ ಮೇಲೇರುತ್ತದೆ. ಇನ್ನೊಂದು ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್. ಎಂಟು-ಒಂಬತ್ತು ವಯಸ್ಸಿನ ಮಕ್ಕಳಿಗೆ ಗಾಂಧರ್ವದ್ದು ಹಿತ, ಏಕೆಂದರೆ ಕೆಳಗಿನ ಮೆಟ್ಟಿಲುಗಳು ಗಿಡ್ಡ. ಪ್ರಾರಂಭಿಕ ಮುಗಿಸಿದ ಮಗುವಿನ ಕೈಯಲ್ಲಿ ಒಂದು ಸರ್ಟಿಫಿಕೇಟು ಇರುತ್ತದೆ, ಮುಂದಿನದು ಕಣ್ಣಿಗೆ ಕಾಣುವಷ್ಟು ಹತ್ತಿರ ಇರುತ್ತದೆ. ಜೂನಿಯರ್‌ನ ಮೆಟ್ಟಿಲು ಎತ್ತರ. ಅದಕ್ಕೆ ಸ್ವಲ್ಪ ದೊಡ್ಡ ಮಕ್ಕಳು, ಮುಂದೆ ಸಂಗೀತ ಶಿಕ್ಷಕರಾಗುವ ಮನಸ್ಸಿರುವವರು ಸರಿ.

ಪರೀಕ್ಷೆ ವಿದ್ಯಾರ್ಥಿಗಳನ್ನು ಕರೆತರುವುದಕ್ಕಿಂತ ಉಳಿಸಿಕೊಳ್ಳುವುದು ಹೆಚ್ಚು. ಫಾರಂ ತುಂಬಿದ ಮೇಲೆ ಆ ಅರ್ಧ ವರ್ಷ ಯಾರೂ ಬಿಡುವುದಿಲ್ಲ. ಆದರೆ ಗೃಹಿಣಿಯರ ಗುಂಪಿಗೆ, ನಿವೃತ್ತರಿಗೆ ಪರೀಕ್ಷೆಯ ಹೆಸರು ಹೇಳಿದರೆ ಹೆದರುತ್ತಾರೆ. ಮಕ್ಕಳಲ್ಲೂ ಮೂರು ವರ್ಷ ಬರೀ ಪರೀಕ್ಷೆಯ ರಾಗಗಳನ್ನೇ ಉರು ಹೊಡೆದವರು ಅಜ್ಜನ ಮುಂದೆ ಒಂದು ಪದ ಹಾಡಲು ತಡವರಿಸುತ್ತಾರೆ. ಪರೀಕ್ಷೆಯ ಪ್ರತಿ ರಾಗದ ಜೊತೆ ಅದೇ ರಾಗದ ಒಂದು ವಚನವನ್ನೋ ಭಜನೆಯನ್ನೋ ಕೊಡಿ.

ನಿಮ್ಮದೇ ಅರ್ಹತೆಯ ವಿಷಯಕ್ಕೆ ಬಂದರೆ, ಆಕಾಶವಾಣಿ ಕಲಾವಿದರಿಗೆ ಕೊಡುವ ಗ್ರೇಡ್ ಇದ್ದವರು ಅದನ್ನು ಬೋರ್ಡಿನಲ್ಲಿ ಬರೆಯಿರಿ. ಕಲಬುರಗಿ ನಿಲಯ 1966ರಿಂದ ಈ ಭಾಗದ ಕಿವಿಗಳನ್ನು ತಿದ್ದಿದೆ. ಮಗುವಿನ ತಂದೆಗೆ ಅದರ ಬೆಲೆ ಗೊತ್ತಿರಲಿಕ್ಕಿಲ್ಲ, ಅಜ್ಜನಿಗೆ ಗೊತ್ತಿರುತ್ತದೆ. ಫೀಸು ಕೊಡಲು ಒಪ್ಪಿಸುವವರು ಎಷ್ಟೋ ಮನೆಗಳಲ್ಲಿ ಅವರೇ.

ಮನೆ ಬೈಠಕ್: ನಾನು ಎಲ್ಲಕ್ಕಿಂತ ಮೇಲಿಡುವುದು

ಮೂರು-ನಾಲ್ಕು ತಿಂಗಳಿಗೊಮ್ಮೆ ಭಾನುವಾರ ಸಂಜೆ ನಿಮ್ಮ ಹಾಲಿನಲ್ಲೇ ಮಕ್ಕಳ ಬೈಠಕ್ ಇಡಿ. ರಂಗಮಂದಿರ ಬೇಡ, ಮುಖ್ಯ ಅತಿಥಿ ಬೇಡ, ಶಾಲು-ಹಾರ ಬೇಡ, ಮೈಕೂ ಬೇಡ. ಸೋಫಾ ಹೊರಗೆ ಸರಿಸಿ ಜಮಖಾನ ಹಾಸಿದರೆ ಇಪ್ಪತ್ತೈದು ಮಂದಿ ಕೂರುತ್ತಾರೆ. ಒಬ್ಬ ತಬಲಾದವರಿಗೆ ಗೌರವಧನ, ಚುರುಮುರಿ ಸೂಸಲಾ, ಚಹಾ. ಖರ್ಚು ಅಷ್ಟೇ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯವರ ಜೊತೆ ಇನ್ನೊಂದು ಮನೆಯವರನ್ನು ಕರೆತರಬೇಕು, ಇದೊಂದೇ ನಿಯಮ.

ಹಾಡುವ ಕ್ರಮದಲ್ಲಿ ಒಂದು ಜಾಣತನ ಬೇಕು. ಚೆನ್ನಾಗಿ ಹಾಡುವವರನ್ನೇ ಮುಂದೆ ಕೂರಿಸಿದರೆ ಬಂದವರು ಮೆಚ್ಚಿ ಚಹಾ ಕುಡಿದು ಹೋಗುತ್ತಾರೆ, "ನಮ್ಮ ಹುಡುಗಿಗಿ ಇಷ್ಟೆಲ್ಲ ಎಲ್ಲಿ ಬರ್ತದ" ಅಂದುಕೊಳ್ಳುತ್ತಾರೆ. ಮೊದಲು ಎರಡು ತಿಂಗಳ ಹಿಂದೆ ಸೇರಿದ ಮಗು ಭೂಪ ರಾಗದ ಆರೋಹ-ಅವರೋಹ, ನಾಲ್ಕು ಸಾಲಿನ ಒಂದು ಪದ ಹಾಡಲಿ. ಆಮೇಲೆ ಒಂದು ವರ್ಷ ಕಲಿತವಳು ಅದೇ ಭೂಪದಲ್ಲಿ ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ಹಾಡಲಿ. ಕೊನೆಗೆ ಮೂರು ವರ್ಷ ಕಲಿತವನು ಅದೇ ರಾಗವನ್ನು ಆಲಾಪ-ತಾನಿನ ಜೊತೆ ಎತ್ತಲಿ. ಒಂದೇ ರಾಗ ಮೂರು ಮೆಟ್ಟಿಲಲ್ಲಿ ಕೇಳಿದ ತಾಯಿಗೆ, ತನ್ನ ಮಗಳು ಈಗ ಎಲ್ಲಿ ಕೂರುತ್ತಾಳೆ, ಎರಡು ವರ್ಷಕ್ಕೆ ಎಲ್ಲಿ ಇರುತ್ತಾಳೆ ಅನ್ನುವುದು ನೀವು ಬಾಯಿ ಬಿಡದೆ ಅರ್ಥವಾಗಿರುತ್ತದೆ. ಮಧ್ಯಾಹ್ನದ ಗುಂಪಿನ ಹೆಣ್ಣುಮಕ್ಕಳು ಮಕ್ಕಳ ನಡುವೆಯೇ ಒಂದು ವಚನ ಸಾಮೂಹಿಕವಾಗಿ ಹಾಡಲಿ; ಬಂದ ನೆರೆಯವರು "ನಮಗೂ ಕಲಿಸ್ತೀರೇನ್ರಿ?" ಅಂತ ಕೇಳುವುದು ಆಗಲೇ. ಆವತ್ತು ಫೀಸಿನ ಚೀಟಿ ಹಂಚಬೇಡಿ. ಕೇಳಿದವರಿಗೆ ನಂಬರು ಕೊಡಿ.

ದೂರದ ವಿದ್ಯಾರ್ಥಿ

ಆನ್‌ಲೈನ್ ಪಾಠಕ್ಕೆ ಈ ಭಾಗದವರಿಗೊಂದು ಸಹಜ ಗುಂಪಿದೆ: ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಕಡೆಯ ಮನೆಗಳು. ಮಗುವಿಗೆ ನಮ್ಮ ಮಾತಿನಲ್ಲಿ ವಚನ ಹೇಳಿಕೊಡುವವರು ಅಲ್ಲಿ ಸಿಗುವುದು ಕಷ್ಟ. ಆದರೆ ದನಿ ತಡವಾಗಿ ತಲುಪುವುದರಿಂದ ಇಬ್ಬರೂ ಕೂಡಿ ಹಾಡಲು ಆಗುವುದೇ ಇಲ್ಲ. ನೀವು ಹಾಡಬೇಕು, ನಿಲ್ಲಿಸಬೇಕು, ಅವರು ಹಾಡಬೇಕು. ಝೂಮ್‌ನಲ್ಲಿ ಗದ್ದಲ ಅಡಗಿಸುವ ವ್ಯವಸ್ಥೆ ತಂಬೂರಿಯ ನಾದವನ್ನೂ ಗದ್ದಲ ಅಂತ ತಿಳಿದು ಅಳಿಸಿಹಾಕುತ್ತದೆ, "ಒರಿಜಿನಲ್ ಸೌಂಡ್" ಆನ್ ಮಾಡಿಕೊಳ್ಳಬೇಕು. ತಂಬೂರಿ ಆಪ್ ಇಬ್ಬರ ಕಡೆಯೂ ಬೇರೆ ಬೇರೆ ಓಡಲಿ. ಬಿಟ್ಟಿ ಝೂಮ್ 40 ನಿಮಿಷಕ್ಕೆ ಕಡಿಯುತ್ತದೆ, ಚಿಕ್ಕ ಮಕ್ಕಳಿಗೆ ಅಷ್ಟೇ ಸಾಕು. ಮೊದಲ ಪಾಠದಿಂದಲೇ ಆನ್‌ಲೈನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ರಜೆಗೆ ಊರಿಗೆ ಬಂದಾಗ ಎದುರಿಗೆ ಕೂತು ಷಡ್ಜ ಹಿಡಿಸಿದ ಮಕ್ಕಳನ್ನು ದೂರದಿಂದ ಮುಂದುವರಿಸುವುದು ನಡೆಯುತ್ತದೆ.

ನಿಮ್ಮ ಸ್ಥಿತಿಗೆ ಯಾವುದು

ಮನೆಯಲ್ಲಿ ಜಾಗವಿರುವ ಮಹಿಳಾ ಶಿಕ್ಷಕಿ ಮಧ್ಯಾಹ್ನದ ಗುಂಪಿನಿಂದ ಶುರು ಮಾಡಲಿ, ಮಕ್ಕಳು ಹಿಂದೆಯೇ ಬರುತ್ತಾರೆ. ಊರಿಗೆ ಹೊಸಬರಾದ ಗಂಡಸರು ಒಂದು ವರ್ಷ ಶಾಲೆ, ಜೊತೆಗೆ ಒಂದು ಶ್ರಾವಣ ಪುರಾಣ. ಹಗಲು ನೌಕರಿ ಮಾಡುತ್ತ ಸಂಜೆ ಎರಡು ತಾಸು ಮಾತ್ರ ಇರುವವರು ಮ್ಯಾಪ್ ಮತ್ತು ಬೈಠಕ್ ನೆಚ್ಚಿಕೊಂಡು ಹತ್ತು ಮಕ್ಕಳಿಗೆ ನಿಲ್ಲಿಸಲಿ. ಯಾದಗಿರಿಯಂಥ ಸಣ್ಣ ಊರಲ್ಲಿ ಮ್ಯಾಪಿನಿಂದ ಬರುವವರು ಕಡಿಮೆ, ಮಠ ಮತ್ತು ಶಾಲೆಯೇ ಗತಿ. ಬೀದರಿನಲ್ಲಿ ವರ್ಗವಾಗಿ ಬಂದ ಕುಟುಂಬಗಳು, ವಾಯುಪಡೆಯವರು ಇರುವುದರಿಂದ ಹಿಂದಿಯಲ್ಲೂ ಪಾಠ ಹೇಳಲು ತಯಾರಿದ್ದರೆ ಮ್ಯಾಪು ಕೆಲಸಕ್ಕೆ ಬರುತ್ತದೆ.

ಶುರು ಮಾಡುವ ತಿಂಗಳು ಜೂನ್ ಅಂತ ಎಲ್ಲರೂ ಹೇಳುತ್ತಾರೆ. ಏಪ್ರಿಲ್-ಮೇ ತಿಂಗಳನ್ನೂ ಪೂರ್ತಿ ಬಿಡಬೇಡಿ. ಬಿಸಿಲಿಗಾಗಿ ನಮ್ಮ ಭಾಗದ ಸರಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ಸಂಜೆ ನೌಕರರು ಮನೆಯಲ್ಲೇ ಇರುತ್ತಾರೆ, ಮಕ್ಕಳನ್ನು ಕರೆತರಲು ಅವರಿಗೆ ಬಿಡುವಿರುತ್ತದೆ. ಆರೂವರೆಯ ಮೇಲೆ ಒಂದು ತಿಂಗಳ ಭಜನೆ-ವಚನ ತರಗತಿ ಇಟ್ಟರೆ ಜೂನಿಗೆ ಅದರಲ್ಲಿ ಕೆಲವರಾದರೂ ಮುಂದುವರಿಯುತ್ತಾರೆ.

ವಾರಗಟ್ಟಲೆ ಬಿಟ್ಟಿ ಡೆಮೊ ಕೊಡಬೇಡಿ. ಬಂದ ಮಗು ನಡೆಯುತ್ತಿರುವ ತರಗತಿಯಲ್ಲಿ ಒಂದು ದಿನ ಕೂತು ನೋಡಲಿ, ಮರುದಿನದಿಂದ ತಿಂಗಳ ಫೀಸು ಮುಂಗಡ. ಫೋನಿನಲ್ಲಿ ಮೊದಲ ಪ್ರಶ್ನೆ ಇದ್ದೇ ಇರುತ್ತದೆ: "ಎಷ್ಟ್ ದಿನಕ್ಕ ಸ್ಟೇಜ್ ಮ್ಯಾಲ ಹಾಡ್ತಾಳ್ರಿ?" ಮೂರು ತಿಂಗಳು ಅನ್ನುವವರಿಗೆ ಅಡ್ಮಿಷನ್ ಬೇಗ ಸಿಗುತ್ತದೆ, ನಾಲ್ಕನೇ ತಿಂಗಳು ಜಗಳವೂ ಸಿಗುತ್ತದೆ. "ನಾಲ್ಕ್ ತಿಂಗಳಿಗೆ ನಮ್ಮ ಮನಿ ಬೈಠಕ್‌ದಾಗ ಒಂದ್ ಪದ ಹಾಡ್ತಾಳ್ರಿ, ಸ್ಟೇಜಿಗೆ ಎರಡ್ ವರ್ಷ ಬೇಕು. ಈ ಭಾನುವಾರ ಬೈಠಕ್ ಅದ, ಮಗಳನ್ನ ಕರ್ಕೊಂಡು ಬರ್ರಿ, ಕೂತ್ ಕೇಳ್ರಿ" ಅನ್ನಿ.